‘ಆವು’ ಅಂದ್ರೆ ತಪ್ಪು ಅಂತು ಮೊಬೈಲು

ಹೋದ ವಾರ ತಂಗಿ ಮನೆಗೆ ಹೋಗಿದ್ದೆ. ಚಾಮರಾಜನಗರದ ಕಡೆ ಒಂದು ಊರು. ನಾಲ್ಕನೇ ಕ್ಲಾಸು ಓದೋ ಅವಳ ಮಗಳು ಯಾವಾಗಲೂ ನನ್ನ ಬ್ಯಾಗಿಗೆ ಕೈ ಹಾಕಿ ತಿಂಡಿ ಹುಡುಕೋಳು. ಈ ಸಲ ಮೂಲೆ ಬಿಟ್ಟು ಏಳಲಿಲ್ಲ. ಸುಮಾರು ಹೊತ್ತಾದ ಮೇಲೆ, “ಮಾವ, ನಂಗ ಓದಕ ಬರಲ್ವಂತ” ಅಂದಳು.

ಯಾರವ್ವ ಹಂಗಂದೋರು ಅಂದೆ.

“ಮೊಬೈಲು.”

ವಿಷಯ ಏನಪ್ಪಾ ಅಂದ್ರೆ, ಅವರ ಸರ್ಕಾರಿ ಶಾಲೆಗೆ ಯಾರೋ ದಾನಿಗಳು ಟ್ಯಾಬ್ ಕೊಟ್ಟಿದ್ದಾರೆ. ಮಕ್ಕಳು ಅದನ್ನೂ ಮೊಬೈಲು ಅಂತಲೇ ಕರೀತಾರೆ. ಅದರಲ್ಲೊಂದು ಓದಿಸೋ ಆ್ಯಪ್. ಪರದೆ ಮೇಲೆ ಪಾಠ ಬರುತ್ತೆ, ಮಗು ಜೋರಾಗಿ ಓದಬೇಕು, ಆ್ಯಪ್ ಕೇಳಿಸಿಕೊಳ್ಳುತ್ತೆ. ಸರಿ ಓದಿದ ಪದ ಹಸಿರು, ತಪ್ಪಿದ್ದು ಕೆಂಪು, ಕೊನೆಗೆ ನಕ್ಷತ್ರ. ನಮ್ಮ ಹುಡುಗಿ ‘ಹಾವು’ ಇದ್ದ ಕಡೆ ‘ಆವು’ ಅಂದಿದ್ದಾಳೆ. ಕೆಂಪು. ‘ಹಳ್ಳ’ ಹೋಗಿ ‘ಅಳ್ಳ’ ಆಗಿದೆ. ಕೆಂಪು. ಹುಲಿ, ಹಸು, ಹೊಲ, ಹುಲ್ಲು... ಹಳ್ಳಿ ಬಗ್ಗೆ ಪಾಠ ಬರೆದವರಿಗೆ ಹಕಾರ ಬಿಟ್ಟು ಬೇರೆ ಅಕ್ಷರ ಸಿಗಲಿಲ್ವೇನೋ. ಮೂರು ದಿನ ಹೀಗೇ ಆದ ಮೇಲೆ ಅವಳನ್ನ ‘ಓದಲು ಬಾರದ ಮಕ್ಕಳ’ ಗುಂಪಿಗೆ ಹಾಕಿದ್ದಾರೆ.

ಪುಸ್ತಕ ತೆಗೆಸಿ ಓದಿಸಿದೆ. ನೀರು ಕುಡಿದಂಗೆ ಓದಿದಳು. ಹಾವು ಕಚ್ಚಿದ್ರೆ ಏನು ಮಾಡ್ಬೇಕವ್ವ ಅಂತ ಕೇಳಿದೆ. “ಮಂತ್ರ ಆಕುಸ್ಬಾರ್ದು ಮಾವ, ಆಸ್ಪತ್ರೆಗೆ ಓಗ್ಬೇಕು” ಅಂದಳು. ಇವಳಿಗೆ ಓದಕ್ಕೆ ಬರಲ್ಲ!

ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಈ ಹಕಾರದ ಏಟು ನಾನೂ ತಿಂದವನು. ಏಳನೇ ಕ್ಲಾಸಲ್ಲಿ ಆಗಸ್ಟ್ ಹದಿನೈದಕ್ಕೆ ಸ್ವಾಗತ ಭಾಷಣ ನನಗೆ ಕೊಟ್ಟಿದ್ರು. ನನ್ನ ಬಾಯಲ್ಲಿ ‘ಹ’ ಬಿದ್ದು ಹೋಗುತ್ತೆ ಅಂತ ಗೊತ್ತಿತ್ತಲ್ಲ, ಅದಕ್ಕೆ ಬಹಳ ಹುಷಾರಾಗಿ, ಒತ್ತಿ ಒತ್ತಿ ಹೇಳಿದೆ: “ಎಲ್ಲರಿಗೂ ಹಾದರದ ಸ್ವಾಗತ.” ಇಡೀ ಮೈದಾನ ಬಿದ್ದು ಬಿದ್ದು ನಗ್ತು. ವೇದಿಕೆ ಮೇಲಿದ್ದ ದೊಡ್ಡವರೂ ನಕ್ಕರು. ಇವತ್ತಿಗೂ ಇದು ಕೆಲವರಿಗೆ ಜೋಕು, ವಾಟ್ಸಾಪಲ್ಲಿ ಓಡಾಡ್ತಿರುತ್ತೆ. ನಾನು ಮಾತ್ರ ಡಿಗ್ರಿ ಮುಗಿಯೋವರೆಗೂ ಮೈಕ್ ಮುಟ್ಟಲಿಲ್ಲ.

ಮಾರನೇ ದಿನ ಶಾಲೆಗೆ ಹೋದೆ. ಮಿಸ್ಸು ಪಾಪ ಅತಿಥಿ ಶಿಕ್ಷಕಿ, ಎರಡು ಕ್ಲಾಸು ಒಟ್ಟಿಗೆ ನೋಡ್ಕೋತಾರೆ. ಅವರ ಮೇಲೆ ನನಗೆ ಕೋಪವಿಲ್ಲ. “ನಾನು ಹೇಳಿದ್ದಲ್ಲ ಸಾರ್, ಆ್ಯಪ್ ತೋರಿಸಿದ್ದು” ಅಂದ್ರು. ಪಟ್ಟಿ ತೋರಿಸಿ ಅಂದೆ. ಹನ್ನೊಂದು ಮಕ್ಕಳು. ಒಂಬತ್ತು ನಮ್ಮ ಕೇರಿಯವು. ಆ ಹನ್ನೊಂದು ಮಕ್ಕಳನ್ನ ಹಿಂದೆ, ಕಿಟಕಿ ಪಕ್ಕ ಬೇರೆ ಸಾಲಲ್ಲಿ ಕೂರಿಸಿದ್ರು. ಬಾಬಾಸಾಹೇಬರು ಶಾಲೇಲಿ ಕೂರೋಕೆ ಮನೆಯಿಂದ ಹೊತ್ತೊಯ್ತಿದ್ದ ಗೋಣಿತಟ್ಟು ಕಣ್ಮುಂದೆ ಬಂತು. ಅಲ್ಲಿ ಜಾತಿ ಕೇಳಿ ಕೂರಿಸಿದ್ರು. ಇಲ್ಲಿ ಯಾರೂ ಜಾತಿ ಕೇಳಿಲ್ಲ, ಆದ್ರೂ ಸಾಲು ಅದೇ ಬಂದಿದೆ.

ನನ್ನನ್ನ ನೋಡಿ ನಕ್ಕ ಮೇಷ್ಟ್ರ ಜೊತೆ ಇವತ್ತಾದ್ರೂ ಹೋಗಿ ಜಗಳ ಆಡಬಹುದು, ಪತ್ರ ಬರೀಬಹುದು. ಈ ಮಷಿನ್ನಿನ ಜೊತೆ ಯಾರು ಜಗಳ ಆಡೋದು? ಅದಕ್ಕೆ ಮುಖ ಇಲ್ಲ. ಕೆಂಪು ತೋರಿಸಿ ಸುಮ್ಮನಾಗುತ್ತೆ. ಟೀಚರ್ ನಂಬ್ತಾರೆ, ಹೆಡ್‌ಮಾಸ್ಟ್ರು ನಂಬ್ತಾರೆ, ಕಡೆಗೆ ಮಗೂನೂ ನಂಬುತ್ತೆ.

ಒಂದು ಮಾತು ಒಪ್ಕೋತೀನಿ. ಹಕಾರ ಬಿಡೋದು ನಮ್ಮ ಕೇರಿ ಒಂದೇ ಅಲ್ಲ. ಹಳೇ ಮೈಸೂರಿನ ಕಡೆ ಊರ ಗೌಡರ ಮನೇಲೂ ‘ಆಲು’ ಕರೀತಾರೆ, ‘ಅಸು’ ಕಟ್ತಾರೆ. ಆದ್ರೆ ಅವರ ಮಕ್ಕಳು ಹಳದಿ ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಗಾಯ್ತು. ಸರ್ಕಾರಿ ಶಾಲೇಲಿ ಉಳಿದಿರೋರು ಯಾರು ಅಂತ ನಿಮಗೇ ಗೊತ್ತು.

ಈ ಮಷಿನ್ನುಗಳು ಕಲಿಯೋದು ಹೆಂಗೆ? ಸಾವಿರಾರು ಜನರ ಧ್ವನಿ ರೆಕಾರ್ಡ್ ಮಾಡಿ ಕೇಳಿಸ್ತಾರೆ. ಯಾರ ಧ್ವನಿ ಹೆಚ್ಚು ಕೇಳಿದೆಯೋ ಅವರ ಮಾತು ಚೆನ್ನಾಗಿ ತಿಳಿಯುತ್ತೆ, ಕೇಳದೇ ಇರೋದು ತಪ್ಪಾಗಿ ಕಾಣುತ್ತೆ. ಇದು ನನ್ನ ಊಹೆ ಅಲ್ಲ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಐದು ದೊಡ್ಡ ಕಂಪನಿಗಳ ಮಾತು ಗುರುತಿಸೋ ತಂತ್ರಜ್ಞಾನ ಪರೀಕ್ಷೆ ಮಾಡಿದ್ರು. ಬಿಳಿಯರ ಮಾತಲ್ಲಿ ನೂರು ಪದಕ್ಕೆ ಸುಮಾರು 19 ತಪ್ಪು, ಕಪ್ಪು ಜನರ ಮಾತಲ್ಲಿ 35. ಅಲ್ಲಿ ಕಪ್ಪು ಜನರ ಇಂಗ್ಲಿಷಿಗೆ ಆದದ್ದೇ ಇಲ್ಲಿ ನಮ್ಮ ಕೇರಿ ಕನ್ನಡಕ್ಕೆ ಆಗ್ತಿದೆ.

ದೇವನೂರ ಮಹಾದೇವ ಅವರು ಇದೇ ಸೀಮೆಯ ಮಾತಲ್ಲಿ ‘ಕುಸುಮಬಾಲೆ’ ಬರೆದ್ರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ತಂದ ಆ ಮಾತನ್ನ ಆಡೋ ಮಗುವಿಗೆ ಇವತ್ತು ಒಂದು ನಕ್ಷತ್ರ ಸಿಗ್ತಿಲ್ಲ.

ಈ ಪೋಸ್ಟ್ ಓದಿ “ನೋಡಿ, ಟ್ಯಾಬ್ ಬೇಡ, ಕಪ್ಪುಹಲಗೆನೇ ಚೆಂದ” ಅಂತ ಕೆಲವರು ಬರ್ತಾರೆ. ಅವರಿಗೆ ಮೊದಲೇ ಹೇಳ್ತೀನಿ, ನಿಮ್ಮ ಜೊತೆ ನಾನಿಲ್ಲ. ಅವರ ಮಕ್ಕಳಿಗೆ ಲ್ಯಾಪ್‌ಟಾಪು, ನಮ್ಮವರಿಗೆ ಬಳಪ, ಈ ಲೆಕ್ಕ ನಡೆಯಲ್ಲ. ಕೋವಿಡ್ ಟೈಮಲ್ಲಿ ನೋಡಿದ್ದೀವಿ. ಜ್ಯಾಂ ಡ್ರೆಜ್, ರೀತಿಕಾ ಖೇರಾ ಮತ್ತಿತರರು 2021ರಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ಸಮೀಕ್ಷೆ ಮಾಡಿದ್ರು. ಹಳ್ಳಿಯ ದಲಿತ, ಆದಿವಾಸಿ ಮಕ್ಕಳಲ್ಲಿ ಆನ್‌ಲೈನಲ್ಲಿ ನಿಯಮಿತವಾಗಿ ಕಲಿತಿದ್ದವರು ಶೇ 4. ಹಳ್ಳಿಯ ಉಳಿದ ಮಕ್ಕಳಲ್ಲಿ ಶೇ 15. ನಮ್ಮ ಮಕ್ಕಳ ಕೈಗೆ ಟ್ಯಾಬ್ ಬರಲೇಬೇಕು.

ಆದ್ರೆ ಹೊಸದು ತರೋದಕ್ಕೂ ಒಂದು ರೀತಿ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಶುರುವಾದಾಗ ಅದಕ್ಕೆ ಕೈ ಹಾಕಿದವರು ಅಲ್ಲಿನ ಮೇಷ್ಟ್ರುಗಳೇ. ಕಾರ್ಡು, ಕಲಿಕಾ ಏಣಿ, ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತೋದು. ಅದರಲ್ಲೂ ಕೊರತೆ ಇವೆ, ಅದು ಬೇರೆ ಚರ್ಚೆ. ಆದ್ರೆ ಮಗು ‘ಆವು’ ಅಂದ್ರೆ ಎದುರಿಗಿದ್ದ ಟೀಚರಿಗೆ ಅದು ಹಾವು ಅಂತ ತಿಳೀತಿತ್ತು. ಓದೋದು ಬೇರೆ, ಉಚ್ಚಾರಣೆ ಬೇರೆ. ಬರೆಯುವಾಗ ‘ಹ’ ಬರಲಿ, ಅದನ್ನ ಕಲಿಸಿ, ನಮ್ಮದೇನೂ ತಕರಾರಿಲ್ಲ. ನಾಲಿಗೆ ನೋಡಿ ಓದು ಬರಲ್ಲ ಅಂತ ಬರೀಬೇಡಿ.

ಶನಿವಾರ ಎಸ್‌ಡಿಎಂಸಿ ಸಭೆ ಇದೆ. ಕೇರಿಯಿಂದ ತಾಯಂದಿರೂ ಸೇರಿ ಎಂಟು ಜನ ಹೋಗ್ತಿದ್ದೀವಿ. ಕೇಳೋದು ಮೂರೇ. ಆ್ಯಪ್ ನೋಡಿ ಮಾಡಿದ ಪಟ್ಟಿ ರದ್ದಾಗಬೇಕು, ಮಕ್ಕಳು ಮೊದಲಿನಂಗೆ ಬೆರೆತು ಕೂರಬೇಕು. ಆ್ಯಪ್ ಕೊಟ್ಟ ಅಂಕ ಮಗುವಿನ ದಾಖಲೆಗೆ ಹೋಗಬಾರದು, ಪುಸ್ತಕ ಕೊಟ್ಟು ಓದಿಸಿ ಟೀಚರ್ರೇ ನಿರ್ಧಾರ ಮಾಡಲಿ. ಮತ್ತೆ, ಆ್ಯಪ್ ಮಾಡಿದವರಿಗೆ ಯಾವ ಯಾವ ಊರಿನ ಮಕ್ಕಳ ಧ್ವನಿ ಕೇಳಿಸಿದ್ದೀರಿ ಅಂತ ಬರವಣಿಗೇಲಿ ಕೇಳಬೇಕು.

ನಿಮ್ಮೂರ ಶಾಲೇಲೂ ಇಂಥದ್ದು ಬಂದಿದ್ರೆ ಹೋಗಿ ಪಟ್ಟಿ ನೋಡಿ, ಯಾರ್ಯಾರು ಎಲ್ಲಿ ಕೂತಿದ್ದಾರೆ ನೋಡಿ. ಕಾಮೆಂಟಲ್ಲಿ ತಿಳಿಸಿ. ಮಕ್ಕಳ ಹೆಸರು, ಫೋಟೋ ದಯವಿಟ್ಟು ಹಾಕಬೇಡಿ.

ಜೈ ಭೀಮ್.