ಗ್ರಂಥಾಲಯ ಕರದ ಲೆಕ್ಕ ಕೊಡಿರಿ!

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ, ಅಂಗಡಿಗಳ ಕರ ತುಂಬುವ ಬಂಧುಗಳು ತಮ್ಮ ಪಾವತಿಯನ್ನು ಒಮ್ಮೆ ತೆಗೆದು ಓದಿ ನೋಡಲಿ. ಅದರಲ್ಲಿ ಗ್ರಂಥಾಲಯ ಕರವೆಂಬ ಬಾಬು ಒಂದಿದೆ. ರೂಪಾಯಿಗೆ 6 ಪೈಸೆ. 3000 ರೂಪಾಯಿ ಆಸ್ತಿ ಕರ ಕೊಡುವ ಕಿರಾಣಿ ಅಂಗಡಿಯವನು ವರ್ಷಕ್ಕೆ 180 ರೂಪಾಯಿಯನ್ನು ಪುಸ್ತಕಕ್ಕೆಂದೇ ಕೊಡುತ್ತಾನೆ. ಸ್ವಂತ ಮನೆಯಿಲ್ಲದ ಗಿರಣಿ ಕೆಲಸಗಾರನೂ ಇದರಿಂದ ಪಾರಾಗಿಲ್ಲ. ಮಾಲಿಕನು ಅದನ್ನು ಬಾಡಿಗೆಯಲ್ಲಿ ವಸೂಲು ಮಾಡಿಯೇ ಇರುತ್ತಾನೆ.

ಇದು ಇಂದಿನ ಕರವಲ್ಲ. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾದಾಗ ರೂಪಾಯಿಗೆ 3 ಪೈಸೆಯಂತೆ ಆರಂಭವಾಯಿತು. ಆಗ ಜಕಾತಿಯ ಮೇಲೂ ಈ ಕರವಿತ್ತು. 1979ರಲ್ಲಿ ಜಕಾತಿ ಹೋಯಿತು. ಗ್ರಂಥಾಲಯ ಕರ ಹೋಗಲಿಲ್ಲ, ಇಮ್ಮಡಿಯಾಯಿತು. ಹೀಗೆ ಎರಡು-ಮೂರು ತಲೆಮಾರುಗಳಿಂದ ಜನ ಕೊಡುತ್ತ ಬಂದಿದ್ದಾರೆ. ಕೊಟ್ಟವರು ಈಗ ಕೇಳಬೇಕು: ಹಣ ಎಲ್ಲಿ?

ಕಾಯಿದೆಯ ಮಾತು ಸ್ಪಷ್ಟವಾಗಿದೆ. ಪಾಲಿಕೆ ವಸೂಲು ಮಾಡಬೇಕು, ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಆ ಪ್ರಾಧಿಕಾರದ ಅಧ್ಯಕ್ಷರು ಯಾರು? ನಗರದ ಮಹಾಪೌರರೇ! ಕೊಡಬೇಕಾದ ಮನೆಯ ಯಜಮಾನರೂ ಅವರೇ, ಪಡೆಯಬೇಕಾದ ಮನೆಯ ಯಜಮಾನರೂ ಅವರೇ. ಎಡಗೈ ಬಲಗೈಗೆ ಬಾಕಿದಾರನಾದರೆ ಅದನ್ನು ಏನೆಂದು ಕರೆಯೋಣ? ಬೆಂಗಳೂರಿನ ಮಹಾನಗರ ಪಾಲಿಕೆ ಹೀಗೆಯೇ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಕರವನ್ನು ಬಾಕಿ ಉಳಿಸಿಕೊಂಡದ್ದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಸಣ್ಣ ವ್ಯಾಪಾರಿಯೊಬ್ಬ ಗಿರಾಕಿಯಿಂದ ತೆರಿಗೆ ವಸೂಲು ಮಾಡಿ ಸರಕಾರಕ್ಕೆ ತುಂಬದಿದ್ದರೆ ನೋಟೀಸು ಬರುತ್ತದೆ, ದಂಡ ಬೀಳುತ್ತದೆ. ಪಾಲಿಕೆಗೆ ಮಾತ್ರ ಬೇರೆ ನ್ಯಾಯವೇ? ನಮ್ಮ ಪಾಲಿಕೆಯ ಕೀರ್ದಿ ಶುದ್ಧವಾಗಿದ್ದರೆ ಅದನ್ನು ಜನರ ಮುಂದೆ ತೆರೆದಿಡಲು ಸಂಕೋಚವೇಕೆ?

ಗ್ರಂಥಾಲಯದ ಮಾತೆತ್ತಿದರೆ ಅಧಿಕಾರಸ್ಥರಿಗೆ ಕಟ್ಟಡವೇ ಕಾಣುತ್ತದೆ. ನಕ್ಷೆ, ಗುತ್ತಿಗೆ, ಶಂಕುಸ್ಥಾಪನೆ, ಹೆಸರು ಕೆತ್ತಿದ ಕಲ್ಲು. ಕಟ್ಟಡ ಬೇಡವೆಂದು ನಾವು ಹೇಳುವುದಿಲ್ಲ. ಊರ ನಡುವೆ, ಬಸ್ಸಿಳಿದು ನಡೆದು ಹೋಗುವಷ್ಟು ಹತ್ತಿರ, ಗಟ್ಟಿಯಾದ ಕಟ್ಟಡ ಬೇಕು. ಆದರೆ ಗೋಡೆ ಎಷ್ಟು ಎದ್ದಿತೆಂಬುದೊಂದೇ ಪ್ರಗತಿಯಲ್ಲ. 1850ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಗ್ರಂಥಾಲಯ ಕಾಯಿದೆ ಮಾಡಿದಾಗ, ಕರದ ಹಣದಿಂದ ಕಟ್ಟಡ ಕಟ್ಟಬಹುದಾಗಿತ್ತು, ನೌಕರರನ್ನು ಇಡಬಹುದಾಗಿತ್ತು. ಪುಸ್ತಕ ಕೊಳ್ಳಲು ಮಾತ್ರ ಅವಕಾಶವಿರಲಿಲ್ಲ! ಮ್ಯಾಂಚೆಸ್ಟರಿನ ಗ್ರಂಥಾಲಯ 1852ರಲ್ಲಿ ತೆರೆದಾಗ ಅದರ ಪುಸ್ತಕಕ್ಕೆ ಹಣ ಬಂದದ್ದು ಚಂದಾದಿಂದ. ಕೊಟ್ಟವರಲ್ಲಿ ಅಲ್ಲಿನ ದುಡಿಯುವ ಜನರೂ ಇದ್ದರು. ಆ ತಪ್ಪನ್ನು 1855ರಲ್ಲಿ ತಿದ್ದಿದರು. ಅತ್ತ ನಮ್ಮ ದಕ್ಷಿಣದ ಮನ್ನಾರ್‌ಗುಡಿಯಲ್ಲಿ 1931ರಲ್ಲಿಯೇ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಹಳ್ಳಿಗೆ ಒಯ್ದರು. ಪುಸ್ತಕವಿದ್ದರೆ ಗಾಡಿಯೂ ಗ್ರಂಥಾಲಯ. ಪುಸ್ತಕವಿಲ್ಲದಿದ್ದರೆ ಅರಮನೆಯೂ ಬರಿಯ ಉಗ್ರಾಣ.

“ಈಗ ಯಾರು ಓದುತ್ತಾರೆ? ಎಲ್ಲ ಮೊಬೈಲಿನಲ್ಲಿದೆಯಲ್ಲ” ಎನ್ನುವ ಮಹಾಶಯರು ಒಮ್ಮೆ ಧಾರವಾಡದ ಓಣಿಗಳಲ್ಲಿ ತಿರುಗಾಡಿ ಬರಲಿ. ರೈತರ, ಕೂಲಿಕಾರರ ಮಕ್ಕಳು ಸ್ಪರ್ಧಾ ಪರೀಕ್ಷೆಗೆ ಓದಲು ಖಾಸಗಿ ವಾಚನ ಕೊಠಡಿಗಳಿಗೆ ತಿಂಗಳ ಬಾಡಿಗೆ ಕೊಡುತ್ತಿದ್ದಾರೆ. ಕೊಳ್ಳುವುದೇನು? ಒಂದು ಕುರ್ಚಿ, ಒಂದು ದೀಪ, ಒಂದಿಷ್ಟು ಮೌನ. ತಂದೆ ಗ್ರಂಥಾಲಯ ಕರ ಕೊಟ್ಟಿದ್ದಾನೆ. ಮಗ ಕುರ್ಚಿಗೆ ಬಾಡಿಗೆ ಕೊಡುತ್ತಾನೆ. ಇದು ಒಂದೇ ಸರಕಿಗೆ ಎರಡು ಸಲ ಬೆಲೆ ತೆತ್ತಂತಲ್ಲವೇ?

ಹಣವಿಲ್ಲವೆಂಬ ಮಾತನ್ನೂ ನಾವು ಒಪ್ಪುವುದಿಲ್ಲ. 2016ರಲ್ಲಿ ಈ ಅವಳಿ ನಗರ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆ 2025ರ ಮಾರ್ಚಿಗೆ ಮುಗಿಯಿತು. ರಸ್ತೆಗೆ ಹಣವಿತ್ತು, ಉದ್ಯಾನಕ್ಕೆ ಹಣವಿತ್ತು. ಗ್ರಂಥಾಲಯಕ್ಕಾದರೋ ಯಾರ ದಾನವೂ ಬೇಕಿಲ್ಲ, ಅದರದೇ ಹೆಸರಿನಲ್ಲಿ ವಸೂಲಾದ ಹಣವಿದೆ.

ಇನ್ನು ಸಮಯದ ಪ್ರಶ್ನೆ. ಅಮೆರಿಕೆಯ ಉಕ್ಕಿನ ಒಡೆಯ ಕಾರ್ನೆಗಿ ಎರಡೂವರೆ ಸಾವಿರ ಗ್ರಂಥಾಲಯ ಕಟ್ಟಿಸಿದ. ಅವನ ಹೋಮ್‌ಸ್ಟೆಡ್ ಕಾರಖಾನೆಯಲ್ಲಿ ಕೆಲಸಗಾರರ ಸಂಘವನ್ನು 1892ರಲ್ಲಿ ಮುರಿದು, ಹನ್ನೆರಡು ತಾಸು ದುಡಿಸಿದರು. ಹನ್ನೆರಡು ತಾಸು ದುಡಿದವನು ಯಾವಾಗ ಓದಬೇಕು? ನಮ್ಮಲ್ಲಿಯೂ ಪಾಳಿ ಮುಗಿಸಿ, ಅಂಗಡಿ ಬಾಗಿಲು ಹಾಕಿ ಬರುವವನಿಗೆ ತೆರೆದಿರದ ಗ್ರಂಥಾಲಯ ಅವನದಲ್ಲ. ಅದು ಹಗಲು ಬಿಡುವಿದ್ದವರದು.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಕಳೆದ ಹತ್ತು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಸಲ್ಲಿಸಿದ್ದು ಎಷ್ಟು, ಬಾಕಿ ಎಷ್ಟು ಎಂಬುದನ್ನು ಪಾಲಿಕೆ ಪ್ರತಿ ವಾರ್ಡಿನಲ್ಲಿ ಹಚ್ಚಬೇಕು.

2. ಬಾಕಿಯಿದ್ದರೆ ಒಂದೇ ಗಂಟಿನಲ್ಲಿ ಸಲ್ಲಿಸಬೇಕು.

3. ಕಟ್ಟಡದ ಅಂದಾಜು ಪತ್ರಿಕೆಯ ಜೊತೆಗೇ ಪುಸ್ತಕದ, ನೌಕರರ ಅಂದಾಜು ಪತ್ರಿಕೆಯನ್ನೂ ಮಂಜೂರು ಮಾಡಬೇಕು.

4. ರಾತ್ರಿ ಹತ್ತರವರೆಗೆ ಹಾಗೂ ರವಿವಾರ ಗ್ರಂಥಾಲಯ ತೆರೆದಿರಬೇಕು.

ಬಂಧುಗಳೇ, ಇದು ಭಿಕ್ಷೆಯಲ್ಲ, ಕೊಟ್ಟ ಹಣದ ಲೆಕ್ಕ. ಮುಂದಿನ ಸಲ ಕರ ತುಂಬಲು ಹೋದಾಗ ಕಟ್ಟೆಯ ಮುಂದೆ ನಿಂತು ಒಬ್ಬೊಬ್ಬರೂ ಈ ಒಂದು ಪ್ರಶ್ನೆ ಕೇಳಿರಿ. ಒಬ್ಬ ಕೇಳಿದರೆ ಕಾರಕೂನ ನಕ್ಕಾನು. ಸಾವಿರ ಜನ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.