ಧೈರ್ಯದ ಮಾತು

ನಮ್ಮಲ್ಲಿ ಅತ್ಯಂತ ಸುಲಭವಾಗಿ ದಾನ ಮಾಡಬಹುದಾದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಧೈರ್ಯದ ಮಾತು ಎಂದು ನಾನು ಹಿಂದುಮುಂದು ನೋಡದೆ ಹೇಳಿಯೇನು. ರೋಗಿಯನ್ನು ನೋಡಲು ಹೋದವರು ಹಣ್ಣನ್ನು ಮರೆತರೂ ಮರೆತಾರು. “ಧೈರ್ಯವಾಗಿರಿ” ಎಂಬ ಮಾತನ್ನು ಮರೆಯುವುದಿಲ್ಲ. ನಾಲ್ಕು ದಿನದ ಜ್ವರಕ್ಕೆ ಈ ಮಾತು ಸಾಕಾಗಬಹುದು. ಹುಟ್ಟಿನೊಡನೆಯೇ ಬಂದು ಕೊನೆಯವರೆಗೂ ಜೊತೆಗಿರುವ ವಂಶಾಗತ ರೋಗಕ್ಕೆ ಅದು ಸಾಕೆ? ಸಾಲದು, ಸಾಲದಿರುವುದು ಮಾತ್ರವಲ್ಲ, ಕೆಲವು ಸಲ ಅದರಿಂದ ಅಪಾಯವೂ ಉಂಟು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ತಮ್ಮನಿಂದ ಬಂದದ್ದು.

2007ರ ಮಾತು. ನಾನು ಕಾಲೇಜಿನಲ್ಲಿ ಅಧ್ಯಾಪಕನಾಗಿ ಎರಡು ವರ್ಷವಾಗಿತ್ತು. ತಮ್ಮ ದ್ವಿತೀಯ ಪಿ.ಯು.ಸಿ. ಓದುತ್ತಿದ್ದ. ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಮನೆಗೆ ಬಂದವರಿಗೆ ಅವನ ನೋಟುಪುಸ್ತಕವನ್ನು ತೋರಿಸುವುದೆಂದರೆ ನಮ್ಮ ತಾಯಿಗೊಂದು ಹೆಮ್ಮೆ. ಆ ವರ್ಷ ಅಕ್ಷರ ಕೆಡತೊಡಗಿತು. ಸಾಲುಗಳು ಇಳಿಜಾರಾದವು, ಅಕ್ಷರಗಳು ಕುಗ್ಗಿ ಒಂದರ ಮೇಲೊಂದು ಬಿದ್ದವು. ಅದರೊಡನೆ ಸ್ವಭಾವವೂ ಕೆಟ್ಟಂತೆ ತೋರಿತು. ಸಣ್ಣ ಮಾತಿಗೆ ಸಿಡುಕು, ಮರುಗಳಿಗೆಯಲ್ಲಿ ಅಳು, ಆಮೇಲೆ ದಿನಗಟ್ಟಲೆ ಮೌನ. ವಿದ್ಯಾರ್ಥಿಯ ಸೋಮಾರಿತನವನ್ನು ದೂರದಿಂದಲೇ ಗುರುತಿಸಬಲ್ಲೆನೆಂಬ ಹಮ್ಮು ನನಗಿತ್ತು. “ಕೈಬರಹ ಕೆಟ್ಟಿಲ್ಲ, ನಿನ್ನ ಮನಸ್ಸು ಕೆಟ್ಟಿದೆ” ಎಂದು ಒಂದು ಸಂಜೆ ಅವನ ಪುಸ್ತಕವನ್ನು ನೆಲಕ್ಕೆ ಎಸೆದೆ. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಅವನ ಕೈ ನಡುಗುತ್ತಿದ್ದುದನ್ನು ಕಂಡೆ. ಕೋಪದ ನಡುಕವೆಂದು ತಿಳಿದೆ.

ಕೆಲವು ತಿಂಗಳಲ್ಲಿ ಮಾತು ತೊದಲತೊಡಗಿದಾಗ ವೈದ್ಯರಲ್ಲಿಗೆ ಹೋದೆವು. ಕಣ್ಣಿನ ವೈದ್ಯರು ಪರೀಕ್ಷಿಸಿ, ಕಣ್ಣುಗುಡ್ಡೆಯ ಮುಂದಣ ಪಾರದರ್ಶಕ ಪಟಲದ ಅಂಚಿನಲ್ಲಿ ಹೊಂಗಂದು ಬಣ್ಣದ ಬಳೆಯೊಂದು ಕಾಣುತ್ತಿದೆಯೆಂದರು. ಅದು ತಾಮ್ರ. ರೋಗಕ್ಕೆ ವಿಲ್ಸನ್ ರೋಗವೆಂದು ಹೆಸರು. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ನರರೋಗತಜ್ಞರು ಅದನ್ನು ವಿವರವಾಗಿ ವರ್ಣಿಸಿದ್ದರು. ನಾವು ಉಣ್ಣುವ ಆಹಾರದಲ್ಲಿ ತಾಮ್ರದ ಅಂಶ ಸ್ವಲ್ಪ ಇದ್ದೇ ಇರುತ್ತದೆ. ಹೆಚ್ಚಾದುದನ್ನು ಯಕೃತ್ತು ಪಿತ್ತರಸದೊಡನೆ ಹೊರಗೆ ಕಳುಹಿಸುತ್ತದೆ. ಆ ಕೆಲಸಕ್ಕೆ ಬೇಕಾದ ಜೀನು ಕೆಟ್ಟಿದ್ದರೆ ತಾಮ್ರವು ಮೊದಲು ಯಕೃತ್ತಿನಲ್ಲಿ, ಬಳಿಕ ಮಿದುಳಿನಲ್ಲಿ ಸಂಚಯವಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ಅದು ತಗಲುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದೊಳಗೆ ಕೊಟ್ಟು ತರುವ ಮನೆತನಗಳಲ್ಲಿ ಈ ಸಂಭವ ಹೆಚ್ಚು. ನಮ್ಮ ತಂದೆ ಕೈಹಿಡಿದದ್ದು ಸೋದರಮಾವನ ಮಗಳನ್ನೇ. ನನ್ನನ್ನೂ ಪರೀಕ್ಷಿಸಿದರು, ರೋಗವಿರಲಿಲ್ಲ. ಒಂದೇ ಮಡಿಲಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬ ಹೀಗೆ ಪಾರಾದುದಕ್ಕೆ ಸಂತೋಷಪಡಬೇಕೋ ನಾಚಬೇಕೋ ಎಂಬುದು ನನಗೆ ಇಂದಿಗೂ ತಿಳಿಯದು.

ವೈದ್ಯರು ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಇರಿಯಿತು. ಸಿಡುಕು, ಅಳು, ಖಿನ್ನತೆಗಳು ಈ ರೋಗದ ಲಕ್ಷಣಗಳೇ. ಕೆಲವರಲ್ಲಿ ನಡುಕ ತೊದಲುಗಳಿಗಿಂತ ಮುಂಚೆ ಇವೇ ತಲೆದೋರುತ್ತವೆ. ನಾನು ಯಾವುದನ್ನು ನಡತೆಯೆಂದು ದಂಡಿಸಿದ್ದೆನೋ ಅದು ರೋಗವಾಗಿತ್ತು.

ತರಗತಿಯಲ್ಲಿ ರಸಸಿದ್ಧಾಂತವನ್ನು ಪಾಠ ಹೇಳುವಾಗ ಭರತಮುನಿಯ 33 ಸಂಚಾರಿ ಭಾವಗಳನ್ನು ನಾವು ವಿದ್ಯಾರ್ಥಿಗಳಿಂದ ಉರುಹೊಡೆಸುತ್ತೇವೆ. ಆ ಪಟ್ಟಿಯಲ್ಲಿ ನಿರ್ವೇದ, ಗ್ಲಾನಿ, ಚಿಂತೆ, ವಿಷಾದಗಳಿವೆ, ಆಲಸ್ಯ, ಉಗ್ರತೆಗಳಿವೆ, ಅವುಗಳ ಸಾಲಿನಲ್ಲೇ ವ್ಯಾಧಿಯೂ ಇದೆ. ಮೈಯ ರೋಗವನ್ನು ಮನಸ್ಸಿನ ಭಾವಗಳ ಪಂಕ್ತಿಯಲ್ಲಿ ಏಕೆ ಕೂರಿಸಿದರೆಂದು ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಹೇಳಬಲ್ಲೆ: ನೆರೆಹೊರೆಯಲ್ಲಿ ಬಾಳುವವುಗಳನ್ನು ಆ ಪ್ರಾಚೀನರು ನೆರೆಹೊರೆಯಲ್ಲಿಯೇ ಇರಿಸಿದರು. ಸಂಚಾರಿ ಎಂದರೆ ಬಂದು ಹೋಗುವುದು; ಸ್ಥಾಯಿ ಎಂದರೆ ನೆಲೆನಿಂತದ್ದು. ರೋಗಿಯ ಸಂಚಾರಿಯನ್ನು ಅವನ ಸ್ಥಾಯಿಯೆಂದು ಭ್ರಮಿಸುವುದೇ ನಾವು ಮಾಡುವ ತಪ್ಪು. ಇಂದಿನ ಸಿಡುಕನ್ನು ಕಂಡು ‘ಸಿಡುಕ’ ಎನ್ನುತ್ತೇವೆ. ಈ ತಿಂಗಳ ಜಡತೆಯನ್ನು ಕಂಡು ‘ಸೋಮಾರಿ’ ಎನ್ನುತ್ತೇವೆ. ಹೆಸರು ಒಮ್ಮೆ ಅಂಟಿದರೆ ಮನುಷ್ಯನೇ ಅದನ್ನು ನಂಬತೊಡಗುತ್ತಾನೆ.

ಚಿಕಿತ್ಸೆ ಇತ್ತು. ದೇಹದ ತಾಮ್ರವನ್ನು ಮೂತ್ರದ ಮೂಲಕ ಹೊರಗೆಳೆಯುವ ಪೆನಿಸಿಲಮಿನ್ ಎಂಬ ಔಷಧವನ್ನು 1956ರಲ್ಲಿ ವಾಲ್ಶ್ ಎಂಬ ವೈದ್ಯರು ಬಳಕೆಗೆ ತಂದರು. ಸತುವಿನ ಮಾತ್ರೆಗಳೂ ಇವೆ. ಆದರೆ ಅವನ್ನು ಜೀವಮಾನವೆಲ್ಲ, ಬರಿಹೊಟ್ಟೆಯಲ್ಲಿ, ಹೊತ್ತು ತಪ್ಪದೆ ನುಂಗಬೇಕು. ಅಜ್ಜಿಯ ಕಾಲದಿಂದ ಕುಡಿಯುವ ನೀರಿಗೆ ಇಟ್ಟಿದ್ದ ತಾಮ್ರದ ಚೊಂಬನ್ನು ತಾಯಿ ಅಟ್ಟಕ್ಕೆ ಸೇರಿಸಿದರು. ಸಂಕ್ರಾಂತಿಯ ಎಳ್ಳುಬೆಲ್ಲ ಅವನಿಗೆ ನಿಷಿದ್ಧವಾಯಿತು; ಎಳ್ಳಿನಲ್ಲೂ ಕಡಲೆಕಾಯಿಯಲ್ಲೂ ತಾಮ್ರ ಹೆಚ್ಚು. ಊರಿನವರೆಲ್ಲ ಎಳ್ಳು ತಿಂದು ಒಳ್ಳೆಯ ಮಾತಾಡುವ ದಿನ ಅವನೊಬ್ಬ ಕಬ್ಬಿನ ತುಂಡು ಹಿಡಿದು ಕುಳಿತಿರುತ್ತಿದ್ದ. ಬಂದವರು, “ಹೆದರಬೇಡಪ್ಪ, ಧೈರ್ಯವಾಗಿರು” ಎನ್ನುತ್ತಿದ್ದರು. ಅವನು ನಗುತ್ತಿದ್ದ. ಎರಡು ಮೂರು ವರ್ಷಗಳಲ್ಲಿ ನಡುಕ ಇಳಿಯಿತು, ಮಾತು ತಿಳಿಯಾಯಿತು, ಪದವಿಯೂ ಮುಗಿಯಿತು. ‘ಧೈರ್ಯಶಾಲಿ’ ಎಂಬ ಬಿರುದು ಅವನಿಗೆ ಸಂದಿತು.

ಆ ಬಿರುದೇ ಅವನನ್ನು ಮುಳುಗಿಸುವುದರಲ್ಲಿತ್ತು. 2014ರಲ್ಲಿ, ಪರೀಕ್ಷೆಗಳೆಲ್ಲ ರೋಗ ಹತೋಟಿಯಲ್ಲಿದೆಯೆಂದು ತೋರಿಸುತ್ತಿದ್ದ ಕಾಲದಲ್ಲಿ, ನಿಶ್ಚಯವಾಗುವುದರಲ್ಲಿದ್ದ ಸಂಬಂಧವೊಂದು ರೋಗದ ಹೆಸರು ಕೇಳಿ ಮುರಿಯಿತು. ಅವನು ಏನೂ ಹೇಳಲಿಲ್ಲ. ಆ 33 ಭಾವಗಳಲ್ಲಿ ‘ಅವಹಿತ್ಥ’ ಎಂಬುದೊಂದುಂಟು: ಒಳಗಿನ ಭಾವವನ್ನು ಮುಖಕ್ಕೆ ಬಾರದಂತೆ ಮುಚ್ಚಿಕೊಳ್ಳುವುದು. ಧೈರ್ಯಶಾಲಿಯೆನಿಸಿಕೊಂಡವನಿಗೆ ಅದಲ್ಲದೆ ಬೇರೆ ದಾರಿ ಎಲ್ಲಿದೆ? ಎರಡು ತಿಂಗಳ ಮೇಲೆ ನಡುಕ ಮರಳಿದಾಗ ತಾಯಿ ಅವನ ಪೆಟ್ಟಿಗೆಯಲ್ಲಿ ಒಡೆಯದ ಮಾತ್ರೆಯ ಪಟ್ಟಿಗಳನ್ನು ಕಂಡರು. ಈ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಯಕೃತ್ತು ಸಂಪೂರ್ಣ ಕೆಟ್ಟು ಪ್ರಾಣವೇ ಹೋಗಬಹುದು. ಅದು ಅವನಿಗೆ ಗೊತ್ತಿತ್ತು. “ಗೊತ್ತಿತ್ತು ಅಣ್ಣ. ಆದರೆ ಬೆಳಿಗ್ಗೆ ಎದ್ದು ಮಾತ್ರೆ ನುಂಗುವುದಕ್ಕೆ ಒಂದು ಕಾರಣ ಬೇಕಲ್ಲ?” ಎಂದ. ಮಾತ್ರೆಯನ್ನು ನುಂಗುವುದು ಗಂಟಲಲ್ಲ, ಮನಸ್ಸು ಎಂಬುದನ್ನು ನಾನು ಅಂದು ಕಲಿತೆ.

ಆಗಲೂ ನಮ್ಮ ಮನೆಯಲ್ಲಿ ತಕರಾರು ಎದ್ದಿತು. ಯಕೃತ್ತಿನ ಮಾತ್ರೆಗೆ ಇಲ್ಲದ ನಾಚಿಕೆ ಮನಸ್ಸಿನ ಮಾತ್ರೆಗೆ ಬಂದಿತು. “ಅದೊಂದು ಬೇರೆ ಬೇಕೇ? ನಾಲ್ಕು ಜನಕ್ಕೆ ಗೊತ್ತಾದರೆ?” ಎಂದರು ಹಿರಿಯರು. ಈ ಖಿನ್ನತೆ ತಾಮ್ರದ್ದೋ ಬಾಳಿನದೋ ಎಂದು ನಾನು ಮನೋವೈದ್ಯರನ್ನು ಕೇಳಿದೆ. ಯಾವಾಗಲೂ ಹಾಗೆ ಬಿಡಿಸಿ ಹೇಳಲಾಗದು, ಎರಡಕ್ಕೂ ಚಿಕಿತ್ಸೆ ಆಗಬೇಕು ಎಂದರು ಅವರು. ಯಕೃತ್ತು ನೊಂದಿರುವವರಿಗೆ ಎಲ್ಲ ಔಷಧಗಳೂ ಸಲ್ಲುವುದಿಲ್ಲವಾದ್ದರಿಂದ ಮೊದಲಿನ ವೈದ್ಯರೊಡನೆ ಮಾತಾಡಿಕೊಂಡೇ ಔಷಧವನ್ನು ಗೊತ್ತುಮಾಡಿದರು. ಅದಕ್ಕಿಂತ ಹೆಚ್ಚಾಗಿ, ವಾರಕ್ಕೊಮ್ಮೆ ಅವನನ್ನು ಎದುರಿಗೆ ಕೂರಿಸಿಕೊಂಡು ಮಾತು ಕೇಳಿದರು. ಚೇತರಿಕೆ ನಿಧಾನವಾಗಿ ಬಂದಿತು. ನಡುವೆ ಎರಡು ಸಲ ಹಿಂದಕ್ಕೂ ಹೋಯಿತು.

ದೇಹದ ರೋಗಕ್ಕೂ ಮನಸ್ಸಿನ ರೋಗಕ್ಕೂ ಚಿಕಿತ್ಸೆಯಲ್ಲಿ ಭೇದವೆಣಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಅಧಿನಿಯಮ ಹೇಳುತ್ತದೆ. ಕಾನೂನು ಒಪ್ಪಿದ್ದನ್ನು ನಮ್ಮ ಹಜಾರಗಳು ಇನ್ನೂ ಒಪ್ಪಿಲ್ಲ. ದೀರ್ಘರೋಗಿಯನ್ನು ನೋಡುವ ವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸುವಂತೆಯೇ, ಪ್ರತಿ ಸಲವೂ, ಮನಸ್ಸು ಹೇಗಿದೆಯೆಂದು ಕೇಳಬೇಕು. ವಿಷಾದವು ಎರಡು ವಾರ ಕಳೆದರೂ ಹೋಗದೆ ಬೀಡುಬಿಟ್ಟರೆ, ನಿದ್ದೆ ಹಸಿವುಗಳು ಕೆಟ್ಟರೆ, ಔಷಧ ಬೇಡವೆನಿಸಿದರೆ, ಅದನ್ನು ಜ್ವರ ಬಂತೆಂದು ಹೇಳುವಷ್ಟೇ ಸಹಜವಾಗಿ ಹೇಳುವ ಅಭ್ಯಾಸ ನಮಗೆ ಆಗಬೇಕು. ಹತ್ತಿರದಲ್ಲಿ ವೈದ್ಯರಿಲ್ಲದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಧ್ಯಾಪಕ ಮಿತ್ರರಲ್ಲಿಯೂ ನನ್ನದೊಂದು ಬಿನ್ನಹ: ಚೆನ್ನಾಗಿ ಬರೆಯುತ್ತಿದ್ದ ಹುಡುಗನ ಅಕ್ಷರ ಕೆಟ್ಟರೆ, ನಗುತ್ತಿದ್ದ ಹುಡುಗಿ ಮಾತು ಬಿಟ್ಟರೆ, ಬಯ್ಯುವ ಮೊದಲು ಒಂದು ಸಲ ಕೇಳಿ.

ಧೈರ್ಯ ಬೇಡವೆಂದು ನನ್ನ ವಾದವಲ್ಲ. ಅದು ರೋಗಿಯೊಳಗೆ ತಾನಾಗಿ ಹುಟ್ಟಿದರೆ ಸಂಪತ್ತು. ಹೊರಗಿನಿಂದ ಹೇರಿದರೆ ಸಾಲ. ನನ್ನ ತಮ್ಮ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ಫೋನು ಮಾಡಿದಾಗ ಮಾತ್ರೆ ತೆಗೆದುಕೊಂಡೆಯಾ ಎಂದು ನಾನು ಮೊದಲು ಕೇಳುವುದಿಲ್ಲ. ಮನಸ್ಸು ಹೇಗಿದೆಯೋ ಎಂದು ಕೇಳುತ್ತೇನೆ. ಕೆಲವು ವಾರ, “ಚೆನ್ನಾಗಿಲ್ಲ ಅಣ್ಣ” ಎನ್ನುತ್ತಾನೆ. ಧೈರ್ಯವಾಗಿರು ಎಂಬ ಮಾತು ಹಳೆಯ ಅಭ್ಯಾಸದಿಂದ ನನ್ನ ತುಟಿಯವರೆಗೆ ಬರುತ್ತದೆ. ಅದನ್ನು ನುಂಗಿಕೊಂಡು, “ಹೇಳು, ಕೇಳುತ್ತೇನೆ” ಎನ್ನುತ್ತೇನೆ.