ಶಾಸಕರು ಒಪ್ಪಿಸಬೇಕಾದ ಲೆಕ್ಕ

2025ನೆಯ ಇಸವಿಯ ಜನವರಿ 16ರಂದು, ಹಾಡುಹಗಲಿನಲ್ಲಿ, ಬೀದರದ ಶಿವಾಜಿ ವೃತ್ತದ ಸಮೀಪ ಎಟಿಎಮ್ಮಿಗೆ ತುಂಬಿಸಲು ಹಣವನ್ನು ತಂದಿದ್ದ ನೌಕರರ ಮೇಲೆ ಗುಂಡು ಹಾರಿಸಿ, ಒಬ್ಬನ ಪ್ರಾಣವನ್ನೇ ತೆಗೆದು, ಹಣದ ಪೆಟ್ಟಿಗೆಯೊಡನೆ ದುಷ್ಕರ್ಮಿಗಳು ಹೈದರಾಬಾದಿನ ಕಡೆಗೆ ಪಲಾಯನ ಮಾಡಿದ ಮೇಲೆ, ಈ ಜಿಲ್ಲೆಯ ಶಾಸಕರು ಮತದಾರರ ಮುಂದೆ ನಿಂತು ಒಪ್ಪಿಸತಕ್ಕ ಲೆಕ್ಕದಲ್ಲಿ ಬಂದೂಕಿನ ವಿಷಯವೂ ಅನಿವಾರ್ಯವಾಗಿ ಸೇರಿಕೊಂಡಿದೆ. ಆದರೆ ಶಸ್ತ್ರಾಸ್ತ್ರವೆಂಬುದು ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಗೆ ಸೇರಿದ್ದು. 1959ರ ಆಯುಧ ಅಧಿನಿಯಮವನ್ನು 2019ರಲ್ಲಿ ತಿದ್ದಿ, ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಕಳ್ಳ ತಯಾರಿಕೆಗೆ ಆಜೀವ ಕಾರಾವಾಸದವರೆಗೂ ಶಿಕ್ಷೆಯನ್ನು ವಿಧಿಸಿದ್ದು ಸಂಸತ್ತೇ ಹೊರತು ನಮ್ಮ ವಿಧಾನಸಭೆಯಲ್ಲ. ತೆಲಂಗಾಣ, ಮಹಾರಾಷ್ಟ್ರಗಳ ಗಡಿ ಹೊಂದಿರುವ ಈ ನೆಲಕ್ಕೆ ಕಳ್ಳ ಪಿಸ್ತೂಲುಗಳು ಬರುವ ದಾರಿಗಳನ್ನು ಪೊಲೀಸರು ಹೇಗೆ ಕಾಯುತ್ತಿದ್ದಾರೆಂದು ಸದನದಲ್ಲಿ ಕೇಳುವ ಕರ್ತವ್ಯ ಮಾತ್ರ ಶಾಸಕರದು; ಅದನ್ನವರು ಕೇಳಲೇಬೇಕು.

ಶಾಲೆಯ ಮಾತು ಹಾಗಲ್ಲ. ಅಲ್ಲಿ ಅಧಿಕಾರವೂ ಉಂಟು, ಹಣವೂ ಉಂಟು. ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಬೀದರವೂ ಸೇರಿರುವ ಗುಲ್ಬರ್ಗ ವಿಭಾಗದವೇ ಆಗಿದ್ದವು. ಆ ಅನ್ಯಾಯದ ಪರಿಹಾರಾರ್ಥವಾಗಿ, ದೀರ್ಘ ಹೋರಾಟದ ಫಲವಾಗಿ ದೊರೆತ ಸಂವಿಧಾನದ 371 ಜೆ ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಆಯವ್ಯಯಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿತವಾಗಿದೆ. ಅದರ ನಾಲ್ಕನೆಯ ಒಂದು ಪಾಲನ್ನು ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ವಿದ್ಯೆಗೆ ಮೀಸಲಿಡುವುದಾಗಿ ಮಂಡಳಿಯೇ ಸಾರಿದೆ. ಇಷ್ಟಾಗಿಯೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಬೀದರವನ್ನು ಕೆಳಗಿನ ಸಾಲುಗಳಲ್ಲಿಯೇ ಹುಡುಕಬೇಕಾಗಿದೆ. ಹಣವು ಕೊಠಡಿಯನ್ನು ಕಟ್ಟಿಸಬಲ್ಲದು. ಆದರೆ ಗಣಿತಕ್ಕೂ ಇಂಗ್ಲಿಷಿಗೂ ಕಾಯಂ ಶಿಕ್ಷಕನಿಲ್ಲದೆ, ವರ್ಷವರ್ಷವೂ ಅತಿಥಿ ಶಿಕ್ಷಕರ ಆಗಮನವನ್ನು ನಿರೀಕ್ಷಿಸುತ್ತ ಕುಳಿತ ಶಾಲೆಗೆ ಹೊಸ ಗೋಡೆಗಳಿಂದ ಏನು ಪ್ರಯೋಜನ?

ಬಂದೂಕಿನ ಮದ್ದೂ ವಿದ್ಯಾಲಯವೂ ಒಂದೇ ಸೂರಿನಡಿ ಇದ್ದುದರ ಪರಿಣಾಮವನ್ನು ಬೀದರದವರಿಗೆ ಯಾರೂ ಹೇಳಬೇಕಾಗಿಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು, ದೂರದೇಶಗಳ ಪಂಡಿತರಿಗೂ ಸಹಸ್ರಾರು ಗ್ರಂಥಗಳಿಗೂ ಆಶ್ರಯವಾಗಿದ್ದ ಆ ಭವ್ಯ ಮಂದಿರವು, ಮೊಗಲರ ಕಾಲಕ್ಕೆ ಸೈನಿಕರ ಬಿಡಾರವೂ ಮದ್ದಿನ ಉಗ್ರಾಣವೂ ಆಗಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಆ ಮದ್ದು ಸಿಡಿದು ಒಂದು ಮೀನಾರನ್ನೂ ಮುಂಭಾಗದ ಬಹುಪಾಲನ್ನೂ ಕಳೆದುಕೊಂಡಿತು. ಆ ಭಗ್ನ ಮುಖವನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಕುದಿಯುತ್ತದೆ. ಭದ್ರತೆಯ ಹೆಸರಿನಲ್ಲಿ ವಿದ್ಯೆಯ ಸ್ಥಾನವನ್ನು ಮತ್ತೊಮ್ಮೆ ಬಿಟ್ಟುಕೊಡಲು ನಾವು ಸಿದ್ಧರಾಗಬಾರದು.

ಆದುದರಿಂದ ಬೀದರ್, ಭಾಲ್ಕಿ, ಔರಾದಗಳ ಶಾಸಕರಿಗೆ ನನ್ನ ಬೇಡಿಕೆ ಇಷ್ಟೆ: ಜೂನ್ ತಿಂಗಳಿಗೆ ಮುಂಚೆ, ಬಗದಲಿನಂತಹ ಪ್ರತಿಯೊಂದು ಊರಿನ ಗ್ರಾಮಸಭೆಯಲ್ಲಿಯೂ ತಾವೇ ಬಂದು ನಿಂತು, ಆ ಊರಿನ ಶಾಲೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಉಳಿದವೆಷ್ಟು, ಮಂಡಳಿಯ ಹಣದಲ್ಲಿ ಬಂದುದೆಷ್ಟು, ವೆಚ್ಚವಾದುದು ಯಾವುದಕ್ಕೆ ಎಂಬುದನ್ನು ಓದಿ ಹೇಳಲಿ; ಓದಿದ ಪಟ್ಟಿಯನ್ನು ಕನ್ನಡದಲ್ಲಿಯೂ, ಮರಾಠಿ ಉರ್ದು ಶಾಲೆಗಳಿರುವೆಡೆ ಆ ಭಾಷೆಗಳಲ್ಲಿಯೂ ಬರೆಸಿ, ಶಾಲೆಯ ಗೋಡೆಗೆ ಅಂಟಿಸಿ ಹೋಗಲಿ.